ಸತಾರಾದ ಒಲೆಯಲ್ಲಿ ರಾಗಿ ಮುದ್ದೆ

ನಂದಿ ಗ್ರಾಮದ ಭೋಗನಂದೀಶ್ವರನ ಶಿವರಾತ್ರಿ ತೇರಿಗೆ ಹೋಗುವಾಗ ಹಿಂದೆಲ್ಲ ಯಾರೂ ಹೋಟೆಲ್ ಹುಡುಕುತ್ತಿರಲಿಲ್ಲವಂತೆ. ಎತ್ತಿನ ಗಾಡಿಯಲ್ಲಿ ಪಾತ್ರೆ, ಸೌದೆ, ಹಿಟ್ಟು, ಬೇಳೆ ಹೇರಿಕೊಂಡು ಹೋಗಿ ಮರದಡಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಅಲ್ಲೇ ಮಲಗಿ, ಮಾರನೇ ದಿನ ಪಾತ್ರೆ ತೊಳೆದುಕೊಂಡು ಬರುತ್ತಿದ್ದರಂತೆ ನಮ್ಮೂರ ಹಿರಿಯರು. ಇವತ್ತಿಗೂ ತಿರುಪತಿಗೆ ಟೆಂಪೊ ಮಾಡಿಕೊಂಡು ಹೋಗುವವರು ಗ್ಯಾಸ್ ಸ್ಟೌವ್ ಬಿಟ್ಟು ಹೊರಡುವುದಿಲ್ಲ. ಇದಕ್ಕೆ ‘ಸೆಲ್ಫ್ ಕೇಟರಿಂಗ್’ ಎಂಬ ಹೆಸರಿದೆ, ಆಫ್ರಿಕಾದಲ್ಲಿ ಸಾಮಾನ್ಯ ಜನ ಸಿಂಹ, ಆನೆ ನೋಡಲು ಹೋಗುವುದೂ ಹೀಗೆಯೇ ಎಂದು ನನಗೆ ಗೊತ್ತಾಗಿದ್ದು ಕಳೆದ ಜುಲೈನಲ್ಲಿ, ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ರಾತ್ರಿ ಕಳೆದಾಗ.

ಆಫ್ರಿಕಾ ಸಫಾರಿ ಎಂದರೆ ನಮ್ಮ ತಲೆಯಲ್ಲಿ ಬರುವುದು ಡಿಸ್ಕವರಿ ಚಾನೆಲ್ಲಿನ ತೆರೆದ ಜೀಪು, ಬಿಳಿ ಟೇಬಲ್ ಕ್ಲಾತ್ ಹಾಸಿದ ಊಟ, ಕೈಕಟ್ಟಿ ನಿಂತ ಬಾಣಸಿಗ. ಅದೂ ಇದೆ. ಕ್ರೂಗರ್ ಪಕ್ಕದ ಖಾಸಗಿ ಅಭಯಾರಣ್ಯಗಳ ದುಬಾರಿ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಯ ಬಾಡಿಗೆ ನನ್ನ ಒಂದು ಸೆಮಿಸ್ಟರ್ ಫೀಸಿಗಿಂತ ಹೆಚ್ಚು. ಆದರೆ ಕ್ರೂಗರ್ ಒಳಗೆ ಸರ್ಕಾರಿ ಕ್ಯಾಂಪುಗಳಿವೆ. ಸ್ವಂತ ಕಾರಿನಲ್ಲಿ ಬಂದು, ಸ್ವಂತ ಟೆಂಟ್ ಹೊಡೆದು, ಸ್ವಂತ ಅಡುಗೆ ಮಾಡಿಕೊಂಡು ತಿನ್ನಬಹುದು. ಶಿಕ್ಷಕರು, ನರ್ಸುಗಳು, ನಿವೃತ್ತರು, ಮಕ್ಕಳನ್ನು ಕಟ್ಟಿಕೊಂಡ ಸಂಸಾರಗಳು ಬರುವುದು ಇಲ್ಲಿಗೇ.

ನಾನು ಶಿಡ್ಲಘಟ್ಟದ ಕಡೆಯವನು. ಬಿಇ ಮೆಕ್ಯಾನಿಕಲ್, ಮೂರನೇ ವರ್ಷ. ಭಾವ ಸಾಫ್ಟ್‌ವೇರ್ ಪ್ರಾಜೆಕ್ಟ್ ಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿದ್ದಾರೆ. ರಜೆಗೆ ಬಾ ಎಂದು ಟಿಕೆಟ್ ಕಳಿಸಿದ್ದು ಅಕ್ಕ. ಷರತ್ತು ಒಂದೇ: ‘ಬರ್ತಾ ಒಂದು ಮುದ್ದೆ ಕೋಲು ತಗೊಂಬಾ. ಹಿಟ್ಟು ಇಲ್ಲಿ ಇಂಡಿಯನ್ ಅಂಗಡೀಲಿ ಸಿಗುತ್ತೆ, ಕೋಲು ಸಿಗಲ್ಲ.’ ಏರ್‌ಪೋರ್ಟಿನಲ್ಲಿ ಆ ಕೋಲನ್ನು ಒಬ್ಬ ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿ, ಕ್ರಿಕೆಟ್ಟಾ ಎಂದು ಕೇಳಿದರು. ಅಡುಗೆಗೆ ಎಂದೆ. ನಕ್ಕು ಬಿಟ್ಟರು.

ಕ್ರೂಗರ್ ಎಷ್ಟು ದೊಡ್ಡದು ಅಂದರೆ, ವಿಸ್ತೀರ್ಣ ಹತ್ತಿರ ಹತ್ತಿರ 20,000 ಚದರ ಕಿ.ಮೀ. ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಂಥವು ನಾಲ್ಕೂವರೆ ಅದರೊಳಗೆ ಹಿಡಿಸುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. 1898ರಲ್ಲಿ ಸಾಬಿ ಅಭಯಾರಣ್ಯವಾಗಿ ಶುರುವಾಗಿ, 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಪ್ರವಾಸಿಗರಿಗೆ ತೆರೆದಾಗ ಒಳಗೆ ಬಂದಿದ್ದು ಮೂರೇ ಮೂರು ಕಾರು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ಶಾಲಾ ರಜೆಯ ದಿನಗಳಿಗೆ ಟೆಂಟ್ ಜಾಗ ಬೇಕೆಂದರೆ ತಿಂಗಳುಗಳ ಮುಂಚೆಯೇ ಬುಕ್ ಮಾಡಬೇಕು. ಭಾವ ಹಿಂದಿನ ವರ್ಷದ ದೀಪಾವಳಿಗೇ ಮಾಡಿಟ್ಟಿದ್ದರು.

ನಮಗೆ ಸಿಕ್ಕಿದ್ದು ಸತಾರಾ ಕ್ಯಾಂಪ್. ಮಹಾರಾಷ್ಟ್ರದ ಸತಾರಾ ಇಲ್ಲೇಕೆ ಬಂತು ಎಂದು ನಾನೂ ತಲೆ ಕೆಡಿಸಿಕೊಂಡೆ. ಅಲ್ಲಿನವರು ಹೇಳುವ ಕಥೆ ಬೇರೆ. 19ನೇ ಶತಮಾನದಲ್ಲಿ ಈ ಜಾಗವನ್ನು ಜಮೀನುಗಳಾಗಿ ಅಳೆಯುವಾಗ ಸರ್ವೆಯವನ ಜೊತೆ ಒಬ್ಬ ಭಾರತೀಯ ಸಹಾಯಕನಿದ್ದನಂತೆ. ಹದಿನೇಳನೇ ತುಂಡಿಗೆ ಬಂದಾಗ ಆತ ಹಿಂದಿಯಲ್ಲಿ ‘ಸತ್ರಹ್’ ಎಂದ. ಅದೇ ನಕ್ಷೆಗೆ ಹತ್ತಿ, ಸತಾರಾ ಆಯಿತು. ಆ ಮನುಷ್ಯ ಯಾರು, ಯಾವ ಊರಿನವನು, ಮನೆಗೆ ವಾಪಸ್ ಹೋದನೋ ಇಲ್ಲವೋ. ಅವನು ಎಣಿಸಿದ ಒಂದು ಅಂಕಿ ಮಾತ್ರ ಊರಾಗಿ ಉಳಿದಿದೆ.

ಜೋಹಾನ್ಸ್‌ಬರ್ಗ್‌ನಿಂದ ಒರ್ಪೆನ್ ಗೇಟಿಗೆ ಸುಮಾರು 500 ಕಿ.ಮೀ., ಅಲ್ಲಿಂದ ಕಾಡೊಳಗೆ ಸತಾರಾಕ್ಕೆ ಇನ್ನೂ 48. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ಭಾವನಿಗೆ ಅದೇ ಸಮಾಧಾನ. ಕಾಡೊಳಗೆ ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿ.ಮೀ. ದಾಟುವಂತಿಲ್ಲ. ಗೊತ್ತು ಮಾಡಿದ ಜಾಗಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾರಿನಿಂದ ಕಾಲು ಕೆಳಗಿಡುವಂತಿಲ್ಲ. ಜುಲೈನಲ್ಲಿ ಬೆಳಿಗ್ಗೆ 6ಕ್ಕೆ ಗೇಟು ತೆರೆದರೆ ಸಂಜೆ 5.30ಕ್ಕೆ ಮುಚ್ಚುತ್ತದೆ. ತಡವಾಗಿ ಬಂದರೆ ದಂಡ. ಹಾಗಾಗಿ ಐದು ಗಂಟೆ ಆಗುತ್ತಿದ್ದಂತೆ, ದಾರಿಯಲ್ಲಿ ಚಿರತೆಯೇ ಕೂತಿದ್ದರೂ, ಎಲ್ಲರ ಕಣ್ಣು ಗಡಿಯಾರದ ಮೇಲೆ.

ಕ್ಯಾಂಪ್ ಅಂದರೆ ಏನಿರುತ್ತದೆ ಎಂದು ಸ್ನೇಹಿತರು ಕೇಳುತ್ತಲೇ ಇದ್ದಾರೆ. ಸುತ್ತ ವಿದ್ಯುತ್ ಬೇಲಿ. ಒಳಗೆ ಮರಗಳ ನೆರಳಲ್ಲಿ ಟೆಂಟ್ ಹೊಡೆಯಲು ಜಾಗ. ಬೆಂಕಿಗೆ ಕಬ್ಬಿಣದ ಸ್ಟ್ಯಾಂಡು. ಸ್ನಾನಕ್ಕೆ ಬಿಸಿನೀರು, ಶುಚಿಯಾದ ಶೌಚಾಲಯ. ಎಲ್ಲರಿಗೂ ಸೇರಿದ ಒಂದು ಅಡುಗೆ ಮನೆ: ಹಾಟ್‌ಪ್ಲೇಟ್, ಪಾತ್ರೆ ತೊಳೆಯುವ ಸಿಂಕ್, ಕುದಿವ ನೀರು. ಒಂದು ಅಂಗಡಿ. ಸೌದೆ ಅಲ್ಲೇ ಕೊಳ್ಳಬೇಕು. ಕಾಡಿನಿಂದ ಒಂದು ಒಣ ಕಡ್ಡಿ ಎತ್ತಿದರೂ ತಪ್ಪು. ಹಾಸಿಗೆ, ಪಾತ್ರೆ, ಅಕ್ಕಿ, ಉಪ್ಪು, ಚಾಕು, ಬ್ಯಾಟರಿ ಎಲ್ಲ ನಾವೇ ತರಬೇಕು. ಅಕ್ಕ ಮಾಡಿದ್ದ ಪಟ್ಟಿಯಲ್ಲಿ ಎಪ್ಪತ್ತು ಚಿಲ್ಲರೆ ಸಾಮಾನುಗಳಿದ್ದವು. ಪಟ್ಟಿಯ ಕೊನೆಯಲ್ಲಿ ಭಾವನ ಕೈಬರಹದಲ್ಲಿ ‘ತಾಳ್ಮೆ’ ಎಂದಿತ್ತು.

ಅಲ್ಲಿನವರಿಗೆ ಸಂಜೆ ಎಂದರೆ ಬ್ರಾಯ್. ಕೆಂಡದ ಮೇಲೆ ಮಾಂಸ ಸುಡುವುದು. ಆರು ಗಂಟೆಗೆಲ್ಲ ಕತ್ತಲು, ಚಳಿ ಹತ್ತು ಡಿಗ್ರಿಯ ಹತ್ತಿರ, ಡಿಸೆಂಬರಿನ ನಂದಿ ಬೆಟ್ಟದ ಹಾಗೆ. ನೂರಾರು ಒಲೆಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅವುಗಳ ನಡುವೆ ನಮ್ಮದು ಒಂದೇ ಎಸರಿಟ್ಟ ಪಾತ್ರೆ. ಅಕ್ಕ ಮನೆಯಲ್ಲೇ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ಉಪ್ಪುಸಾರಿನ ಖಾರ ಅರೆದು ಡಬ್ಬಿಯಲ್ಲಿ ತಂದಿದ್ದಳು. ಬೇಳೆ, ಸೊಪ್ಪು ಹಾಟ್‌ಪ್ಲೇಟಿನ ಮೇಲೆ ಬೆಂದವು. ಮುದ್ದೆ ಮಾತ್ರ ಬೆಂಕಿಯ ಮೇಲೇ ಆಗಬೇಕೆಂದು ನನ್ನ ಹಟ.

ಬಯಲಲ್ಲಿ ಮುದ್ದೆ ತಿರುವಿದವರಿಗೆ ಗೊತ್ತು, ಕಷ್ಟ ಇರುವುದು ತಿರುವುವುದರಲ್ಲಿ ಅಲ್ಲ, ಪಾತ್ರೆ ಹಿಡಿಯುವುದರಲ್ಲಿ. ಹಿಟ್ಟು ಗಟ್ಟಿಯಾಗುತ್ತಿದ್ದಂತೆ ಕೋಲಿನ ಜೊತೆ ಪಾತ್ರೆಯೂ ತಿರುಗಲು ಶುರುವಾಗುತ್ತದೆ. ಊರಲ್ಲಾದರೆ ಕವೆಗೋಲು ಒತ್ತಿ ಹಿಡಿಯುತ್ತಾರೆ. ಇಲ್ಲಿ ಕಡ್ಡಿ ಮುರಿಯುವಂತಿಲ್ಲ. ಭಾವ ಮಾಂಸ ಮಗುಚುವ ಎರಡು ಇಕ್ಕಳದಲ್ಲಿ ಪಾತ್ರೆಯ ಅಂಚು ಹಿಡಿದು ಕೂತರು, ನಾನು ತಿರುವಿದೆ. ಐದು ವರ್ಷದ ನಮ್ಮ ಪಾಪು, ‘ಮಾಮ ಬೆಂಕಿ ಜೊತೆ ಜಗಳ ಆಡ್ತಿದಾನೆ’ ಎಂದು ಪಕ್ಕದ ಟೆಂಟಿಗೆಲ್ಲ ಇಂಗ್ಲಿಷಿನಲ್ಲಿ ಸುದ್ದಿ ಕೊಟ್ಟ.

ಆ ಸುದ್ದಿ ಕೇಳಿ ಬಂದವರು ಪಕ್ಕದ ಜಾಗದಲ್ಲಿದ್ದ ಒಬ್ಬ ಶಿಕ್ಷಕಿ. ಜಿಂಬಾಬ್ವೆಯವರು, ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸ. ಅವರ ಒಲೆಯ ಮೇಲೂ ಒಂದು ಪಾತ್ರೆ, ಅದರಲ್ಲೂ ಒಂದು ಕೋಲು. ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ದಕ್ಷಿಣ ಆಫ್ರಿಕಾದಲ್ಲಿ ಅದು ‘ಪಾಪ್’, ಅವರ ಶೋನಾ ಭಾಷೆಯಲ್ಲಿ ‘ಸಾಡ್ಜಾ’. ನೆಂಚಿಕೊಳ್ಳಲು ಬೇಯಿಸಿದ ಸೊಪ್ಪು. ನಮ್ಮ ಹಿಟ್ಟಿನ ಚೀಲದೊಳಗೆ ಎರಡು ಬೆರಳು ಅದ್ದಿ ಉಜ್ಜಿ ನೋಡಿ ಅವರು ಹೇಳಿದ್ದು ಒಂದೇ ಪದ: ‘ರಪೋಕೊ!’

ರಪೋಕೊ ಎಂದರೆ ರಾಗಿ. ಜಿಂಬಾಬ್ವೆಯಲ್ಲಿ ಅದರ ಗಂಜಿ, ಮುದ್ದೆ, ಬಿಯರ್ ಎಲ್ಲ ಮಾಡುತ್ತಾರೆ. ತನ್ನ ಅಮ್ಮ ಈಗಲೂ ಹೊಲದಲ್ಲಿ ಬೆಳೆಯುತ್ತಾಳೆ, ಪೇಟೆಯವರು ಬಿಟ್ಟುಬಿಟ್ಟಿದ್ದಾರೆ ಎಂದರು. ಮುದ್ದೆಯನ್ನು ನಾವು ಅಗಿಯದೆ ನುಂಗುವುದು ಕಂಡು ಅವರಿಗೆ ನಗು, ಅವರು ಬೆರಳಲ್ಲಿ ಸಣ್ಣ ಗುಳಿ ಮಾಡಿ ಅದರಲ್ಲಿ ಸೊಪ್ಪು ತುಂಬಿಕೊಳ್ಳುವುದು ಕಂಡು ನಮಗೆ ಖುಷಿ. ರಾಗಿ ಹುಟ್ಟಿದ್ದೇ ಆಫ್ರಿಕಾದಲ್ಲಿ, ಇಥಿಯೋಪಿಯಾ ಉಗಾಂಡಾಗಳ ಎತ್ತರದ ಭೂಮಿಯಲ್ಲಿ, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು ಎಂದು ಓದಿದ್ದೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆ ಅದು. ಆ ರಾತ್ರಿ ಎರಡು ಒಲೆಗಳ ನಡುವೆ ಕೂತು ಎರಡೂ ಕಡೆಯ ಮುದ್ದೆ ತಿಂದೆ. ಕೋಲಾರ–ಚಿಕ್ಕಬಳ್ಳಾಪುರದವರು ರಾಗಿ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವುದನ್ನು ಇನ್ನು ಮುಂದೆ ಸ್ವಲ್ಪ ಮೆಲ್ಲಗೆ ಮಾಡಬಹುದು.

ಊಟವಾದ ಮೇಲೆ ಒಂದು ಚೂರೂ ಹೊರಗೆ ಬಿಡುವಂತಿಲ್ಲ. ಬೇಲಿ ಇದ್ದರೂ ಒಳಗೆ ನುಸುಳುವವರಿದ್ದಾರೆ. ಸತಾರಾದಲ್ಲಿ ರಾತ್ರಿ ಹೊತ್ತು ಓಡಾಡುವ ಹನಿ ಬ್ಯಾಜರ್ ಹೆಸರುವಾಸಿ. ನಮ್ಮ ಕಾಡುಗಳಲ್ಲೂ ಇದೆ, ತರಕರಡಿ ಎನ್ನುತ್ತಾರೆ. ನಾಯಿಯಷ್ಟೂ ಇಲ್ಲದ ಈ ಪ್ರಾಣಿ ಕಸದ ಡಬ್ಬಿ ಉರುಳಿಸಿ ತೆಗೆಯುವುದರಲ್ಲಿ ನಿಸ್ಸೀಮ. ಹಗಲಾದರೆ ಕೋತಿಗಳು. ಬೇಲಿಯಾಚೆ ಕತ್ತೆಕಿರುಬ ಬಂದು ನಿಲ್ಲುತ್ತದೆ. ತಿನ್ನಲು ಹಾಕಬೇಡಿ ಎಂದು ಫಲಕಗಳಿವೆ. ಯಾಕೆಂದರೆ ಮನುಷ್ಯರ ಊಟದ ರುಚಿ ಹತ್ತಿದ ಪ್ರಾಣಿ ಮನುಷ್ಯರಿಗೆ ಹೆದರುವುದನ್ನು ಬಿಡುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಎಸೆದ ಒಂದು ಮೂಳೆ ಆ ಪ್ರಾಣಿಗೆ ಮರಣದಂಡನೆ ಆಗಬಹುದು.

ಬೇಲಿಯೇ ಇಲ್ಲದ ಕಡೆ ನಿಯಮ ಇನ್ನೂ ಬಿಗಿ. ಬೋಟ್ಸ್‌ವಾನಾದ ಮೊರೆಮಿ, ಸವೂಟಿಯ ಕ್ಯಾಂಪುಗಳಲ್ಲಿ ಆನೆ, ಸಿಂಹ ಟೆಂಟುಗಳ ನಡುವೆಯೇ ನಡೆದು ಹೋಗುತ್ತವೆ. ಕತ್ತಲಾದ ಮೇಲೆ ಟೆಂಟಿನಿಂದ ಹೊರಗೆ ಬರುವಂತಿಲ್ಲ, ಟೆಂಟಿನೊಳಗೆ ತಿನ್ನುವ ಸಾಮಾನು ಇಡುವಂತಿಲ್ಲ, ಎಲ್ಲ ಕಾರಿನಲ್ಲಿ ಬೀಗದೊಳಗೆ. ಜಿಂಬಾಬ್ವೆಯ ಮಾನಾ ಪೂಲ್ಸ್‌ಗೆ ಕಿತ್ತಳೆಯಂಥ ಹಣ್ಣು ಒಯ್ಯುವುದೇ ನಿಷಿದ್ಧ. ಆ ವಾಸನೆಗೆ ಆನೆ ಕಾರಿನ ಬಾಗಿಲನ್ನೇ ಕಿತ್ತುಬಿಡುತ್ತದೆ. ಪಕ್ಕದ ಟೆಂಟಿನ ಶಿಕ್ಷಕಿ ಚಿಕ್ಕಂದಿನಲ್ಲಿ ಅಲ್ಲಿಗೆ ಹೋಗಿದ್ದರಂತೆ. ಕಾರಿನ ಸೀಟಿನ ಕೆಳಗೆಲ್ಲ ಹುಡುಕಿ ಹಣ್ಣಿನ ಸಿಪ್ಪೆ ಆರಿಸುತ್ತಿದ್ದುದು ಅವರಿಗೆ ಇನ್ನೂ ನೆನಪಿದೆ.

ಸಿಂಹದ ಬಗ್ಗೆ ಬರೆಯದಿದ್ದರೆ ನೀವು ಬಿಡುವುದಿಲ್ಲ. ಮೂರನೇ ಬೆಳಿಗ್ಗೆ ಎಸ್–100 ಎಂಬ ಮಣ್ಣು ರಸ್ತೆಯಲ್ಲಿ ಎರಡು ಹೆಣ್ಣು ಸಿಂಹ, ಮೂರು ಮರಿ. ಹದಿನೈದು ಕಾರುಗಳು ನಿಂತಿದ್ದವು. ಒಂದೂ ಹಾರ್ನ್ ಇಲ್ಲ, ಒಬ್ಬರೂ ಕಿರುಚಲಿಲ್ಲ. ನನಗೆ ಸಿಂಹದಷ್ಟೇ ಆಶ್ಚರ್ಯ ಆ ಮೌನದ ಮೇಲೂ ಆಯಿತು. ಅಲ್ಲಿಂದ ಪಿಕ್ನಿಕ್ ಜಾಗಕ್ಕೆ ಹೋಗಿ ‘ಸ್ಕಾಟಲ್’ ಬಾಡಿಗೆಗೆ ತೆಗೆದುಕೊಂಡೆವು. ಗ್ಯಾಸ್ ಮೇಲೆ ಕೂತ ದೊಡ್ಡ ಕಾವಲಿ ಅದು. ನಮ್ಮ ದೋಸೆ ಕಾವಲಿಯ ದೊಡ್ಡಪ್ಪ ಎನ್ನಿ. ಅಕ್ಕ ಅದರ ಮೇಲೆ ಈರುಳ್ಳಿ ಹಾಕಿ ರಾಗಿ ರೊಟ್ಟಿ ತಟ್ಟಿದಳು.

ಹೀಗೆ ಬರೆಯುತ್ತಾ ಹೋದರೆ ಅದು ಸ್ವರ್ಗ, ನಮ್ಮದು ನರಕ ಎಂಬಂತಾಗುತ್ತದೆ. ಹಾಗಿಲ್ಲ. ಸತಾರಾದ ಉತ್ತರಕ್ಕೆ ಬಲೂಲೆ ಎಂಬ ಪುಟ್ಟ ಕ್ಯಾಂಪ್ ಇದೆ, ಕರೆಂಟೇ ಇಲ್ಲ, ಸೀಮೆಎಣ್ಣೆ ಲಾಟೀನು. ಈಗ ಅದು ‘ಹಳೇ ಕಾಲದ ಸೊಬಗು’ ಎಂದು ಜನಪ್ರಿಯ. ಬಿಳಿಯರಿಗೆ ಮಾತ್ರ ಉಳಿದ ಕ್ಯಾಂಪುಗಳು ತೆರೆದಿದ್ದ ಕಾಲದಲ್ಲಿ ಕರಿಯರಿಗೆ, ಭಾರತೀಯ ಮೂಲದವರಿಗೆ ಈ ಉದ್ಯಾನದಲ್ಲಿ ತಂಗಲು ಇದ್ದ ಜಾಗ ಅದು. ನಮ್ಮ ಮೈಬಣ್ಣದ ಸಂಸಾರವೊಂದು ಐವತ್ತು ವರ್ಷ ಹಿಂದೆ ಬಂದಿದ್ದರೆ ಸತಾರಾದ ಬಿಸಿನೀರು ಸಿಗುತ್ತಿರಲಿಲ್ಲ. ಇನ್ನು ಉದ್ಯಾನದ ಉತ್ತರ ತುದಿಯ ಪಫೂರಿಯಿಂದ ಮಕುಲೆಕೆ ಜನರನ್ನು 1969ರಲ್ಲಿ ಒಕ್ಕಲೆಬ್ಬಿಸಿದರು. ವರ್ಣಭೇದ ನೀತಿ ಹೋದ ಮೇಲೆ ಅವರು ಹಕ್ಕು ಕೇಳಿ ಹೋರಾಡಿ, 1998ರಲ್ಲಿ ಭೂಮಿ ಮರಳಿ ಪಡೆದರು. ಪಡೆದ ಮೇಲೆ ಅಲ್ಲಿ ಊರು ಕಟ್ಟಲಿಲ್ಲ, ಕಾಡಾಗಿಯೇ ಇಟ್ಟು ಪ್ರವಾಸೋದ್ಯಮದ ಆದಾಯ ತಮ್ಮದಾಗಿಸಿಕೊಂಡರು. ಅದನ್ನು ಓದಿದಾಗ ನಾಗರಹೊಳೆಯ ಜೇನುಕುರುಬರ ನೆನಪು ಬಾರದೆ ಇರಲಿಲ್ಲ. ಕಾಡಲ್ಲಿ ಒಲೆ ಹೂಡುವ ಹಕ್ಕು ಯಾರದು ಎಂಬ ಪ್ರಶ್ನೆ ಕೇಳುವಾಗ ನನ್ನಂಥ ಪ್ರವಾಸಿಗಿಂತ ಮೊದಲು ಅವರ ಹೆಸರು ಬರಬೇಕು.

ಹಾಗಾದರೆ ಬಂಡೀಪುರದಲ್ಲಿ ಟೆಂಟ್ ಹಾಕಿ ಅಡುಗೆ ಮಾಡಲು ಬಿಡಬೇಕೇ? ವಾಪಸ್ ಬಂದ ಮೇಲೆ ಹಾಸ್ಟೆಲಿನಲ್ಲಿ ಈ ವಾದ ಮೂರು ರಾತ್ರಿ ನಡೆಯಿತು. ನನ್ನ ಉತ್ತರ: ಬೇಡ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ ಕ್ರೂಗರ್‌ನ ಮುಂದೆ ಒಂದು ಹಿತ್ತಿಲು. ಸುತ್ತಲೂ ಊರು, ಹೊಲ, ದನಕರು. ಆದರೂ ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿ, 2023ರ ಗಣತಿಯಂತೆ 6,395 ಆನೆಗಳಿವೆ. ಆನೆಗಳಲ್ಲಿ ದೇಶಕ್ಕೇ ನಾವು ಮೊದಲು. ಇಷ್ಟು ಜನರ ನಡುವೆ ಇಷ್ಟು ಪ್ರಾಣಿ ಉಳಿಸಿಕೊಂಡಿರುವುದು ಸಣ್ಣ ಮಾತಲ್ಲ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಿರುವುದೂ ಅದಕ್ಕೇ. ಬೆಂಕಿಯ ಮಾತಂತೂ ಬೇಡವೇ ಬೇಡ. 2019ರ ಫೆಬ್ರುವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಸುಟ್ಟಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಆದರೆ ಕಾಡಿನ ಹೊರಗೆ, ಅಂಚಿನಲ್ಲಿ? ಇಲ್ಲಿ ನನ್ನ ತಕರಾರಿದೆ. ನಮ್ಮಲ್ಲಿ ಕಾಡಿನ ಪಕ್ಕ ರಾತ್ರಿ ತಂಗಬೇಕೆಂದರೆ ಎದುರಾಗುವುದು ಬಹುತೇಕ ರೆಸಾರ್ಟು. 1980ರಲ್ಲಿ ಶುರುವಾದ ಸರ್ಕಾರದ ಜಂಗಲ್ ಲಾಡ್ಜಸ್ ಒಳ್ಳೆಯ ಹೆಸರು ಮಾಡಿದೆ, ಆದರೆ ಅದರ ದರ ಕೆಲಸ ಹುಡುಕುತ್ತಿರುವವನ ಜೇಬಿನದಲ್ಲ. ದಾಂಡೇಲಿ ಬಳಿಯ ಕುಳಗಿ, ಹೆಬ್ರಿ ಬಳಿಯ ಸೀತಾನದಿ ಮುಂತಾದ ಕಡೆ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಗಳಿವೆ. ಟೆಂಟ್, ಡಾರ್ಮಿಟರಿ ಇವೆ, ಕಾಲೇಜು ತಂಡಗಳು ಹೋಗಬಹುದು. ಅಂಥವು ಹತ್ತು ಪಟ್ಟು ಹೆಚ್ಚಾಗಲಿ. ಬೇಲಿ, ಒಂದು ಅಡುಗೆ ಮನೆ, ಬಿಸಿನೀರು, ಸಂಜೆ ಆರಕ್ಕೆ ಮುಚ್ಚುವ ಗೇಟು ಇದ್ದರೆ ಸಾಕು, ಊಟದ ಚಿಂತೆ ನಮಗಿರಲಿ. ಸೌದೆ ಕೂಡ ಬೇಡ, ಹಾಟ್‌ಪ್ಲೇಟ್ ಸಾಕು. ಕಾಡನ್ನು ಕಿಟಕಿಯಿಂದ ಒಂದೂವರೆ ಗಂಟೆ ನೋಡಿ ಬಂದವನಿಗೂ, ಅದರ ಪಕ್ಕದಲ್ಲಿ ಪಾತ್ರೆ ತೊಳೆದು ಮಲಗಿದವನಿಗೂ ವ್ಯತ್ಯಾಸವಿದೆ.

‘ನಮ್ಮವರಿಗೆ ಶಿಸ್ತು ಎಲ್ಲಿದೆ?’ ಎಂಬ ಪ್ರಶ್ನೆ ಗೌರಿಬಿದನೂರಿನ ಗೆಳೆಯನದು. ಅವನು ಸ್ಕಂದಗಿರಿಯನ್ನು ತೋರಿಸುತ್ತಾನೆ. ರಾತ್ರಿಯೆಲ್ಲ ಹತ್ತಿ, ತುದಿಯಲ್ಲಿ ಬೆಂಕಿ ಹಾಕಿ, ಮೋಡ ನೋಡಿ, ಚಿಪ್ಸ್ ಕವರು, ಬಾಟಲಿ ಬಿಟ್ಟು ಇಳಿಯುತ್ತಿದ್ದವರ ಕಾಲ ಒಂದಿತ್ತು. ಈಗ ರಾತ್ರಿ ಚಾರಣಕ್ಕೆ ಅವಕಾಶವಿಲ್ಲ, ಆನ್‌ಲೈನ್ ಬುಕಿಂಗ್ ಇಲ್ಲದೆ ಹತ್ತುವಂತಿಲ್ಲ. ಕಳೆದ ತಿಂಗಳು ಹೋದಾಗ ನನ್ನ ಕಣ್ಣಿಗೆ ದಾರಿ ಮೊದಲಿಗಿಂತ ಶುಚಿಯಾಗಿಯೇ ಕಂಡಿತು. ಶಿಸ್ತು ರಕ್ತದಲ್ಲಿ ಬರುತ್ತದೆ ಎಂದು ನಾನು ನಂಬುವುದಿಲ್ಲ. ಕ್ರೂಗರ್‌ನಲ್ಲೂ ದಂಡ ಇದೆ, ವೇಗ ಹಿಡಿಯುವ ಯಂತ್ರವಿದೆ, ಗೇಟಿನಲ್ಲಿ ಕಾವಲಿದೆ. ಆ ಹದಿನೈದು ಕಾರಿನವರು ಸಂತರಾಗಿರಲಿಲ್ಲ.

ಯಾರಾದರೂ ಹೋಗುವುದಿದ್ದರೆ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಒಣ ಹವೆ. ಹುಲ್ಲು ಒಣಗಿ ಪ್ರಾಣಿಗಳು ನೀರಿನ ಬಳಿಗೆ ಬರುತ್ತವೆ, ಸೊಳ್ಳೆಯೂ ಕಡಿಮೆ. ಆದರೂ ಅದು ಮಲೇರಿಯಾ ಇರುವ ಸೀಮೆ, ಹೊರಡುವ ಮುಂಚೆ ವೈದ್ಯರನ್ನು ಕೇಳಿ. ದುಬಾರಿ ಆಗುವುದು ವಿಮಾನದ ಟಿಕೆಟ್. ಅದು ಬಿಟ್ಟರೆ, ಟೆಂಟ್ ಜಾಗದ ಬಾಡಿಗೆ, ಪ್ರವೇಶ ಶುಲ್ಕ, ಪೆಟ್ರೋಲು, ದಿನಸಿ ಎಲ್ಲ ನಾಲ್ಕೈದು ಜನ ಹಂಚಿಕೊಂಡರೆ ನಮ್ಮಲ್ಲಿ ಒಂದು ವೀಕೆಂಡ್ ರೆಸಾರ್ಟಿಗೆ ಕೊಡುವುದಕ್ಕಿಂತ ಹೆಚ್ಚಾಗಲಿಲ್ಲ.

ನಾನು ಅಲ್ಲಿಂದ ತಂದ ಫೋಟೊಗಳಲ್ಲಿ ಸಿಂಹ ನಾಲ್ಕು, ಕಸದ ಡಬ್ಬಿ ಮೂವತ್ತೊಂದು. ಅಕ್ಕ ಅದಕ್ಕೆ ಈಗಲೂ ನಗುತ್ತಾಳೆ. ಹುಲ್ಲು ಹೊದಿಸಿದ ಗುಡಿಸಲುಗಳ ಜಗಲಿಯಲ್ಲಿ ಇಟ್ಟ ಫ್ರಿಜ್ಜಿಗೂ ಅಲ್ಲಿ ಕಬ್ಬಿಣದ ಪಂಜರ, ಕೋತಿ ತೆಗೆಯಬಾರದೆಂದು. ನಂದಿ ಬೆಟ್ಟದ ಕೋತಿಗಳು ಕೈಯಲ್ಲಿದ್ದ ಪೊಟ್ಟಣ ಕಿತ್ತುಕೊಳ್ಳುವುದನ್ನು ನೋಡಿ ಬೆಳೆದವನಿಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ. ಮನುಷ್ಯ ಒಂದೇ ಕೈಯಲ್ಲಿ ತೆಗೆಯಬೇಕು, ಕೋತಿ ಎರಡು ಕೈಯಲ್ಲೂ ತೆಗೆಯಬಾರದು. ಅಂಥ ಮುಚ್ಚಳದ ಕೊಂಡಿಯೇ ಈ ಸೆಮಿಸ್ಟರ್‌ನ ನಮ್ಮ ಮಿನಿ ಪ್ರಾಜೆಕ್ಟ್. ನಾಲ್ಕು ಜನರ ತಂಡ, ತಗಡು ಕತ್ತರಿಸಿಕೊಡಲು ಚಿಂತಾಮಣಿಯಲ್ಲಿ ಒಬ್ಬರು ವೆಲ್ಡಿಂಗ್ ಶೆಡ್ಡಿನವರು ಒಪ್ಪಿದ್ದಾರೆ. ಗೈಡ್ ಸರ್ ಕೇಳಿದ ಮೊದಲ ಪ್ರಶ್ನೆ: ‘ಕೋತಿಗೆ ಆಗಬಾರ್ದು, ಸರಿನಪ್ಪ. ಬೆಟ್ಟಕ್ಕೆ ಬರೋ ಎಪ್ಪತ್ತು ವರ್ಷದ ಅಜ್ಜಿಗೆ ಆಗುತ್ತಾ?’ ಎರಡನೇ ಮಾದರಿ ಅದಕ್ಕಾಗಿಯೇ ತಯಾರಾಗುತ್ತಿದೆ.